ಅಂಡಾಣು ಕೊಟ್ಟವರು ಯಾರು?

1997ರ ಫೆಬ್ರವರಿಯಲ್ಲಿ ಡಾಲಿ ಎಂಬ ಕುರಿಮರಿಯ ಸುದ್ದಿ ಹೊರಬಿದ್ದಾಗ ಜಗತ್ತೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ಸರದಿ ಮನುಷ್ಯನದೇ? ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ತಂಡ ಬೆಳೆದ ಕುರಿಯೊಂದರ ಕೆಚ್ಚಲಿನ ಕೋಶದಿಂದ ಅದರ ತದ್ರೂಪಿಯನ್ನು ಹುಟ್ಟಿಸಿತ್ತು. ಆ ಗದ್ದಲದಲ್ಲಿ ಪ್ರಬಂಧದ ಒಳಗಿದ್ದ ಲೆಕ್ಕವನ್ನು ಗಮನಿಸಿದವರು ಕಡಿಮೆ. ನ್ಯೂಕ್ಲಿಯಸ್ ತೆಗೆದ 277 ಅಂಡಾಣುಗಳಿಗೆ ಕೆಚ್ಚಲಿನ ಕೋಶಗಳನ್ನು ಬೆಸೆಯಲಾಗಿತ್ತು. ಅವುಗಳಲ್ಲಿ 29 ಭ್ರೂಣಗಳಷ್ಟೇ ಮುಂದಕ್ಕೆ ಬೆಳೆದವು, 13 ಕುರಿಗಳ ಗರ್ಭ ಸೇರಿದವು. ಬದುಕಿ ಹುಟ್ಟಿದ್ದು ಒಂದೇ ಮರಿ. ಇದನ್ನೇ ಮನುಷ್ಯರಲ್ಲಿ ಮಾಡಹೊರಟರೆ ಅಷ್ಟು ಅಂಡಾಣುಗಳು ಎಲ್ಲಿಂದ ಬರಬೇಕು? ಕ್ಲೋನಿಂಗ್ ಮತ್ತು ಆಕರಕೋಶಗಳ (ಸ್ಟೆಮ್ ಸೆಲ್) ನೈತಿಕತೆಯ ಚರ್ಚೆಗೆ ಈ ಪ್ರಶ್ನೆ ಬಹಳ ತಡವಾಗಿ ಕೇಳಿಸಿತು.

ಅಷ್ಟು ಹೊತ್ತಿಗೆ ಚರ್ಚೆ ಭ್ರೂಣದ ಸುತ್ತಲೇ ಗಟ್ಟಿಯಾಗಿ ಬೇರೂರಿತ್ತು. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ ಮೇಲೆ, ಪ್ರಯೋಗಾಲಯದಲ್ಲಿ ಮಾನವ ಭ್ರೂಣವನ್ನು ಎಷ್ಟು ದಿನ ಇಟ್ಟುಕೊಳ್ಳಬಹುದೆಂಬ ಪ್ರಶ್ನೆ ಎದ್ದಿತು. ತತ್ವಶಾಸ್ತ್ರಜ್ಞೆ ಮೇರಿ ವಾರ್ನಾಕ್ ಅಧ್ಯಕ್ಷತೆಯ ಸಮಿತಿ 1984ರಲ್ಲಿ 14 ದಿನಗಳ ಗಡಿ ಹಾಕಿತು. ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ದೇಹದ ಅಕ್ಷವನ್ನು ಗುರುತಿಸುವ ಗೆರೆ ಮೂಡುತ್ತದೆ. ಅದಕ್ಕೆ ಮೊದಲು ಅದು ಒಡೆದು ಅವಳಿಯೂ ಆಗಬಹುದು. ಎಲ್ಲರಿಗೂ ಒಪ್ಪಿಗೆಯಾಗುವ ಗಡಿಯೇನಲ್ಲ, ಆದರೆ ಎಣಿಸಿ ನೋಡಬಹುದಾದ ಗಡಿ. 1990ರಲ್ಲಿ ಬ್ರಿಟನ್ ಅದನ್ನು ಕಾನೂನು ಮಾಡಿತು, ಹಲವು ದೇಶಗಳು ಅನುಸರಿಸಿದವು.

1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಆಕರಕೋಶಗಳನ್ನು ಬೇರ್ಪಡಿಸಿದರು. ನರ, ಹೃದಯ, ಮೇದೋಜೀರಕಾಂಗ, ಯಾವುದರ ಕೋಶವಾಗಿ ಬೇಕಾದರೂ ಬೆಳೆಯಬಲ್ಲ ಈ ಕೋಶಗಳನ್ನು ಪಡೆಯಲು ಕೆಲವೇ ದಿನಗಳ ಭ್ರೂಣವನ್ನು ನಾಶ ಮಾಡಬೇಕಿತ್ತು. ಅಮೆರಿಕದಲ್ಲಿ ಇದು ನೇರವಾಗಿ ಗರ್ಭಪಾತದ ರಾಜಕೀಯಕ್ಕೆ ತಗುಲಿಕೊಂಡಿತು. 2001ರ ಆಗಸ್ಟ್ 9ರಂದು ಅಧ್ಯಕ್ಷ ಜಾರ್ಜ್ ಬುಷ್ ನಡುದಾರಿ ಹಿಡಿದರು: ಅಂದಿನವರೆಗೆ ತಯಾರಾಗಿದ್ದ ಕೋಶತಳಿಗಳ ಮೇಲಿನ ಸಂಶೋಧನೆಗೆ ಮಾತ್ರ ಸರ್ಕಾರದ ಹಣ. ಆಗ ಪ್ರಕಟವಾದ 64 ತಳಿಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) 3, ಮುಂಬೈನ ರಿಲಯನ್ಸ್ ಲೈಫ್ ಸೈನ್ಸಸ್‌ನ 7 ತಳಿಗಳಿದ್ದವು. ನಮ್ಮಲ್ಲಿ ಭ್ರೂಣದ ಪ್ರಶ್ನೆ ಚುನಾವಣೆಯ ವಿಷಯವಾಗಿರಲಿಲ್ಲ. 2005ರಲ್ಲಿ ವಿಶ್ವಸಂಸ್ಥೆ ಎಲ್ಲ ಬಗೆಯ ಮಾನವ ಕ್ಲೋನಿಂಗ್ ನಿಷೇಧಿಸುವಂತೆ ಕರೆಕೊಟ್ಟ ಘೋಷಣೆಗೆ 84 ದೇಶಗಳು ಪರವಾಗಿ, 34 ದೇಶಗಳು ವಿರುದ್ಧವಾಗಿ ಮತ ಹಾಕಿದವು. ಭಾರತ ವಿರೋಧಿಸಿದವರ ಜೊತೆಗಿತ್ತು. ತದ್ರೂಪಿ ಮಗುವನ್ನು ಹುಟ್ಟಿಸುವುದು ಬೇಡ, ಚಿಕಿತ್ಸೆಗಾಗಿ ನಡೆಯುವ ಸಂಶೋಧನೆಗೆ ಬಾಗಿಲು ಮುಚ್ಚುವುದೂ ಬೇಡ ಎಂಬುದು ನಮ್ಮ ನಿಲುವು.

ಚರ್ಚೆಯ ದಿಕ್ಕು ಬದಲಾಗಬೇಕಿದ್ದದ್ದು ಸಿಯೋಲ್‌ನಲ್ಲಿ. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಹ್ವಾಂಗ್ ವೂ-ಸುಕ್, ಕ್ಲೋನ್ ಮಾಡಿದ ಮಾನವ ಭ್ರೂಣದಿಂದ ಆಕರಕೋಶ ಪಡೆದಿರುವುದಾಗಿ 2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಹೇಳಿಕೊಂಡರು. 16 ಮಹಿಳೆಯರು ಕೊಟ್ಟ 242 ಅಂಡಾಣುಗಳಿಂದ ಒಂದು ತಳಿ ಸಿಕ್ಕಿತೆಂಬುದು ಅವರ ಲೆಕ್ಕ. ಮರುವರ್ಷ, ರೋಗಿಗಳ ಸ್ವಂತ ಕೋಶಕ್ಕೆ ಹೊಂದುವ 11 ತಳಿಗಳು ಸಿದ್ಧವಾಗಿವೆ ಎಂದರು. ದಕ್ಷಿಣ ಕೊರಿಯಾ ಸಂಭ್ರಮಿಸಿತು. ಅಂಚೆ ಇಲಾಖೆ ತಂದ ಚೀಟಿಯಲ್ಲಿ ಗಾಲಿಕುರ್ಚಿಯಲ್ಲಿದ್ದ ವ್ಯಕ್ತಿಯ ನೆರಳುಚಿತ್ರ ಎದ್ದು ನಿಂತು, ಜಿಗಿದು, ಇನ್ನೊಬ್ಬರನ್ನು ಅಪ್ಪಿಕೊಳ್ಳುತ್ತಿತ್ತು.

ಅಂಡಾಣು ಕೊಡುವುದೆಂದರೆ ರಕ್ತದಾನದಂತಲ್ಲ. ಒಂದೇ ತಿಂಗಳಲ್ಲಿ ಹಲವು ಅಂಡಾಣುಗಳು ಬಲಿಯಲೆಂದು ಸುಮಾರು ಹತ್ತು ದಿನ ಹಾರ್ಮೋನ್ ಚುಚ್ಚುಮದ್ದು, ನಡುನಡುವೆ ಸ್ಕ್ಯಾನಿಂಗ್, ಕೊನೆಗೆ ಅರಿವಳಿಕೆ ಕೊಟ್ಟು ಯೋನಿಯ ಮೂಲಕ ಅಂಡಾಶಯಕ್ಕೆ ಸೂಜಿ. ಕೆಲವರಿಗೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅಪರೂಪಕ್ಕೆ ಜೀವಕ್ಕೇ ಕುತ್ತು. ಹ್ವಾಂಗ್ ಪ್ರಯೋಗಾಲಯಕ್ಕೆ ಅಂಡಾಣು ಕೊಟ್ಟವರಲ್ಲಿ ಅವರ ಕೈಕೆಳಗೇ ದುಡಿಯುತ್ತಿದ್ದ ಕಿರಿಯ ಸಂಶೋಧಕಿಯರಿದ್ದರು. ಹಣ ಪಡೆದವರೂ ಇದ್ದರು. ಮೊದಲು ಅಲ್ಲಗಳೆದ ಹ್ವಾಂಗ್, 2005ರ ನವೆಂಬರ್‌ನಲ್ಲಿ ಒಪ್ಪಿಕೊಳ್ಳಬೇಕಾಯಿತು. ವಿಷಯವನ್ನು ಬಯಲಿಗೆಳೆದ ಎಂಬಿಸಿ ವಾಹಿನಿಯ ಮೇಲೆ ಜನ ಮುಗಿಬಿದ್ದರು, ಜಾಹೀರಾತುದಾರರು ದೂರ ಸರಿದರು, ತಾವೂ ಅಂಡಾಣು ಕೊಡುತ್ತೇವೆಂದು ನೂರಾರು ಮಹಿಳೆಯರು ಮುಂದೆ ಬಂದರು.

2006ರ ಜನವರಿಯಲ್ಲಿ ವಿಶ್ವವಿದ್ಯಾಲಯದ ತನಿಖಾ ಸಮಿತಿ ತೀರ್ಪು ಕೊಟ್ಟಿತು: ಎರಡೂ ಪ್ರಬಂಧಗಳ ದತ್ತಾಂಶ ಕಟ್ಟುಕತೆ, ಕ್ಲೋನ್ ಮಾಡಿದ ಒಂದು ತಳಿಯೂ ಇಲ್ಲ. ಪ್ರಬಂಧಗಳಲ್ಲಿ ತೋರಿಸಿದ್ದು ನಾನೂರು ಚಿಲ್ಲರೆ ಅಂಡಾಣು. ಬಳಸಿದ್ದು ನೂರಕ್ಕೂ ಹೆಚ್ಚು ಮಹಿಳೆಯರ 2,000ಕ್ಕೂ ಮಿಕ್ಕಿದ ಅಂಡಾಣು. 2009ರಲ್ಲಿ ನ್ಯಾಯಾಲಯ ಹಣ ದುರ್ಬಳಕೆ ಮತ್ತು ಜೈವಿಕ ನೈತಿಕತೆಯ ಕಾನೂನಿನ ಉಲ್ಲಂಘನೆಗೆ ಹ್ವಾಂಗ್ ತಪ್ಪಿತಸ್ಥರೆಂದು ಹೇಳಿ, ಜೈಲು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ವಿಜ್ಞಾನದ ಇತಿಹಾಸ ಇದನ್ನು ವಂಚನೆಯ ಪ್ರಕರಣವೆಂದೇ ದಾಖಲಿಸಿದೆ. ನನಗದು ಸಾಲದು. ಆ 11 ತಳಿಗಳು ನಿಜವೇ ಆಗಿದ್ದರೂ, ತನ್ನ ಮೇಲಧಿಕಾರಿಗೆ ಇಲ್ಲವೆನ್ನಲಾಗದೆ ಒಬ್ಬ ಸಂಶೋಧಕಿ ಸೂಜಿಗೆ ಮೈಯೊಡ್ಡಿದ್ದು ಅನ್ಯಾಯವೇ.

ಬೇರೆಡೆ ಪ್ರಶ್ನೆ ಹಣದ ರೂಪ ತಾಳಿತು. 2004ರಲ್ಲಿ ಆಕರಕೋಶ ಸಂಶೋಧನೆಗೆಂದು ಜನಮತದಿಂದ 300 ಕೋಟಿ ಡಾಲರ್ ತೆಗೆದಿಟ್ಟ ಕ್ಯಾಲಿಫೋರ್ನಿಯಾ, ಅಂಡಾಣು ದಾನಿಗಳಿಗೆ ಖರ್ಚಿನ ಹೊರತು ಏನೂ ಕೊಡಕೂಡದೆಂದಿತು. ನ್ಯೂಯಾರ್ಕ್ ರಾಜ್ಯ 2009ರಲ್ಲಿ ಹಣ ಕೊಡಬಹುದೆಂದಿತು. ಕೊಟ್ಟರೆ ಬಡವರ ಮನೆಯ ಹೆಣ್ಣುಮಕ್ಕಳೇ ಸಾಲುಗಟ್ಟುತ್ತಾರೆ. ಕೊಡದಿದ್ದರೆ ವಿಜ್ಞಾನಿ, ವೈದ್ಯ, ಕಂಪನಿ ಎಲ್ಲರೂ ದುಡಿಮೆಗೆ ಬೆಲೆ ಪಡೆಯುವ ಕಡೆ ಅವಳೊಬ್ಬಳೇ ಬರಿಗೈ. ಹಣಕ್ಕಿಂತ ಮೊದಲು ಆರೋಗ್ಯದ ಹೊಣೆ ಗೊತ್ತಾಗಬೇಕೆಂಬುದು ನನ್ನ ಅಭಿಪ್ರಾಯ. ಸಂತಾನ ಚಿಕಿತ್ಸೆಗೆ ಸಂಬಂಧಿಸಿದ ನಮ್ಮ 2021ರ ಕಾಯ್ದೆ ಆ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ: ಒಬ್ಬಳು ಜೀವಮಾನದಲ್ಲಿ ಒಮ್ಮೆ ಮಾತ್ರ ದಾನಿಯಾಗಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, ಅವಳಿಗೆ ವಿಮೆ ಮಾಡಿಸಬೇಕು.

2006ರಲ್ಲಿ ಕ್ಯೋಟೊದ ಶಿನ್ಯಾ ಯಮನಾಕ ಇಲಿಯ ಕೋಶಕ್ಕೆ ನಾಲ್ಕು ಜೀನುಗಳನ್ನು ಸೇರಿಸಿ ಅದನ್ನು ಭ್ರೂಣದ ಆಕರಕೋಶದಂಥ ಸ್ಥಿತಿಗೆ ತಂದರು. ಮರುವರ್ಷ ಮನುಷ್ಯನ ಚರ್ಮದ ಕೋಶದಲ್ಲೂ ಅದು ಸಾಧ್ಯವಾಯಿತು. ಭ್ರೂಣ ಬೇಡ, ಅಂಡಾಣು ಬೇಡ. 2012ರಲ್ಲಿ, ಕಪ್ಪೆಗಳ ಮೇಲಿನ ಪ್ರಯೋಗದಿಂದ ಈ ದಾರಿ ತೆರೆದಿದ್ದ ಜಾನ್ ಗರ್ಡನ್ ಜೊತೆ ಯಮನಾಕರಿಗೆ ನೊಬೆಲ್ ಬಂತು. ನೈತಿಕತೆಯ ಜಗಳ ಮುಗಿಯಿತೆಂದು ಆಗ ಹಲವರು ನಂಬಿದರು.

ಮುಗಿಯಲಿಲ್ಲ, ಜಾಗ ಬದಲಿಸಿತು. 2014ರಲ್ಲಿ ಕೋಬೆಯಲ್ಲಿ ಮಸಾಯೊ ತಕಹಾಶಿ ತಂಡ ಯಮನಾಕ ವಿಧಾನದ ಕೋಶಗಳಿಂದ ಬೆಳೆಸಿದ ರೆಟಿನಾದ ಪದರವನ್ನು ರೋಗಿಯೊಬ್ಬರ ಕಣ್ಣಿಗೆ ಕಸಿ ಮಾಡಿತು. ಎರಡನೆಯ ರೋಗಿಯ ಕೋಶಗಳಲ್ಲಿ ಜೀನು ಬದಲಾವಣೆಗಳು ಕಂಡಾಗ ಪ್ರಯೋಗವನ್ನೇ ನಿಲ್ಲಿಸಿತು. ಕಾಯುತ್ತಿದ್ದ ರೋಗಿಗೆ ಇಂದು ಬೇಡವೆಂದು ಹೇಳುವ ಧೈರ್ಯ ಈ ಕ್ಷೇತ್ರದಲ್ಲಿ ದೊಡ್ಡದು.

ನಮ್ಮ ನಗರಗಳಲ್ಲಿ ಆ ಧೈರ್ಯದ ಕೊರತೆಯಿದೆ. ಎಚ್ಚರದ ಕೆಲಸ ನಡೆದೇ ಇಲ್ಲವೆಂದಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮ್ದಾರ್ ತಂಡ, ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಬದಿಗಿಟ್ಟ ಭ್ರೂಣಗಳಿಂದ ಆಕರಕೋಶ ತಳಿಗಳನ್ನು ಎಚ್ಚರದಿಂದ ಬೆಳೆಸಿತು. ಅದೇ ದೇಶದಲ್ಲಿ ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೆನ್ನುಹುರಿ ಗಾಯಗಳಿಗೆಲ್ಲ ಸ್ಟೆಮ್ ಸೆಲ್ ಚಿಕಿತ್ಸೆಯೆಂದು ಜಾಹೀರಾತು ಕೊಡುವ ಕ್ಲಿನಿಕ್‌ಗಳೂ ಬೆಳೆದವು. ಎಷ್ಟೋ ಕಡೆ ಅಲ್ಲಿ ಬಳಕೆಯಾಗುವುದು ಮಗುವಿನ ಸ್ವಂತ ಅಸ್ಥಿಮಜ್ಜೆಯ ಕೋಶ. ಭ್ರೂಣವೂ ಇಲ್ಲ, ಅಂಡಾಣುವೂ ಇಲ್ಲ. ಹಳೆಯ ಚರ್ಚೆಯ ತಕ್ಕಡಿಯಲ್ಲಿ ತೂಗಿದರೆ ತಪ್ಪೇ ಕಾಣದು. ಆದರೆ ಸೈಟು ಮಾರಿ ದುಡ್ಡು ಹೊಂದಿಸಿದ ಅಪ್ಪ ಅಮ್ಮನಿಗೆ ಸಿಗುವುದು ಪುರಾವೆಯಿಲ್ಲದ ಭರವಸೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಸಂಶೋಧನೆಯೇ, ಅನುಮತಿ ಪಡೆದ ಪ್ರಯೋಗದ ಚೌಕಟ್ಟಿನ ಹೊರಗೆ ನಡೆಯುವಂತಿಲ್ಲ. ಹಾಗಿರುವಾಗ ಇಂಥ ಚಿಕಿತ್ಸೆಗೆ ಲಕ್ಷಗಟ್ಟಲೆ ಬಿಲ್ ಕೈಗಿಡುವ ಕ್ಲಿನಿಕ್ಕನ್ನು ತಂದೆತಾಯಿ ಮೊದಲು ಕೇಳಬೇಕಾದದ್ದು, ಈ ಪ್ರಯೋಗಕ್ಕೆ ಅನುಮತಿ ಕೊಟ್ಟವರು ಯಾರು, ಅದರ ನೋಂದಣಿ ಸಂಖ್ಯೆ ಯಾವುದು ಎಂದು.