ಮೂರು ಹಳೆಯ ಬಯೋಡೇಟಾಗಳು

ತನ್ನ ಬಗ್ಗೆ ತಾನೇ ಹೇಳಿಕೊಳ್ಳುವವರನ್ನು ಕಂಡರೆ ನಮ್ಮ ಕಡೆ ಅಷ್ಟಾಗಿ ಆಗದು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳುತ್ತಲೇ ಬೆಳೆದ ಮಕ್ಕಳು ಪದವಿ ಮುಗಿಸಿದ ಕೂಡಲೇ ಎರಡು ಪುಟಗಳಲ್ಲಿ ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳಬೇಕಾಗುತ್ತದೆ. ಇತಿಹಾಸ ಪಾಠ ಮಾಡುವ ನನ್ನ ಬಳಿಗೂ ಅಂಥ ಬಯೋಡೇಟಾಗಳು ತಿದ್ದುವುದಕ್ಕೆ ಬರುತ್ತವೆ. ಬಹುಪಾಲು ಒಂದೇ ಅಚ್ಚಿನವು. ಹೆಸರು, ತಂದೆಯ ಹೆಸರು, ಅಂಕಗಳ ಪಟ್ಟಿ, ಕೊನೆಗೆ ಕಷ್ಟಪಟ್ಟು ದುಡಿಯುತ್ತೇನೆ, ಎಲ್ಲರೊಂದಿಗೆ ಹೊಂದಿಕೊಳ್ಳುತ್ತೇನೆ ಎಂಬ ಎರಡು ಸಾಲು. ಈ ಹುಡುಗ ಅಥವಾ ಹುಡುಗಿ ಇದುವರೆಗೆ ಏನು ಮಾಡಿದ್ದಾರೆ ಎಂಬುದೊಂದು ಮಾತ್ರ ಅದರಲ್ಲಿರುವುದಿಲ್ಲ. ರೆಸ್ಯೂಮೆ ಎಂಬ ಫ್ರೆಂಚ್ ಪದಕ್ಕೆ ಸಾರಾಂಶ ಎಂದು ಅರ್ಥ. ಸಾರವೇ ಇಲ್ಲದ ಸಾರಾಂಶಗಳನ್ನು ತಿದ್ದುವಾಗಲೆಲ್ಲ ನನಗೆ ನೆನಪಾಗುವುದು ಇತಿಹಾಸದ ಮೂವರು ಅರ್ಜಿದಾರರು.

ಮೊದಲನೆಯವನು ಲಿಯೊನಾರ್ಡೊ ಡ ವಿಂಚಿ. 1482ರ ಆಸುಪಾಸಿನಲ್ಲಿ, ಮೂವತ್ತರ ಹರೆಯದಲ್ಲಿ, ಅವನು ಮಿಲಾನ್ ನಗರದ ಆಡಳಿತ ನಡೆಸುತ್ತಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧಪಡಿಸಿದ. ಅದರ ಕರಡು ಇಂದಿಗೂ ಉಳಿದಿದೆ. ಜಗತ್ತಿನ ಮೊದಲ ರೆಸ್ಯೂಮೆ ಎಂದು ಅದನ್ನು ಹೊಗಳುವವರುಂಟು. ಹಗುರವಾಗಿ ಹೊತ್ತೊಯ್ಯಬಹುದಾದ ಸೇತುವೆಗಳು, ಕೋಟೆಯ ಕಂದಕದ ನೀರು ಬಸಿಯುವ ಉಪಾಯ, ಫಿರಂಗಿಗಳು, ಸದ್ದಿಲ್ಲದೆ ಸುರಂಗ ತೋಡುವ ವಿಧಾನ, ಮುಚ್ಚಿದ ಯುದ್ಧರಥಗಳು ಹೀಗೆ ಹತ್ತು ಅಂಶಗಳು. ಹತ್ತನೆಯದರಲ್ಲಿ ಮಾತ್ರ ಶಾಂತಿಕಾಲದ ಕಟ್ಟಡ ಕೆಲಸ ಬರುತ್ತದೆ. ತಾನು ಶಿಲ್ಪ ಮಾಡಬಲ್ಲೆ, ಚಿತ್ರವನ್ನೂ ಬರೆಯಬಲ್ಲೆ ಎಂಬ ಮಾತು ಬರುವುದು ಅದಕ್ಕೂ ಆಮೇಲೆ. ಯುದ್ಧದ ಚಿಂತೆಯಲ್ಲಿದ್ದ ದೊರೆಗೆ ಯಾವುದು ಬೇಕೋ ಅದನ್ನೇ ಮೇಲಕ್ಕೆ ತಂದ ಜಾಣತನ ಅದು. ಸಂದೇಹವಿದ್ದರೆ ನಿಮ್ಮ ಉದ್ಯಾನದಲ್ಲೇ ಪರೀಕ್ಷಿಸಿ ನೋಡಿ ಎಂಬ ಸವಾಲೂ ಇದೆ.

ಆದರೆ ಆ ಪತ್ರದ ತುಂಬ ಇರುವುದು ‘ಮಾಡಬಲ್ಲೆ’. ‘ಮಾಡಿದ್ದೇನೆ’ ಎಂಬುದಿಲ್ಲ. ಆ ಹೊತ್ತಿಗೆ ಅವನ ಹೆಸರಿದ್ದುದು ಚಿತ್ರಕಲೆಯಲ್ಲಿ, ಯುದ್ಧರಂಗದಲ್ಲಲ್ಲ. ಮುಂದೆ ಮಿಲಾನಿನಲ್ಲಿ ಅವನನ್ನು ಅಮರನನ್ನಾಗಿಸಿದ್ದು ಕೂಡ ಫಿರಂಗಿಯಲ್ಲ, ಗೋಡೆಯ ಮೇಲೆ ಬರೆದ ‘ಕೊನೆಯ ಭೋಜನ’.

ಎರಡನೆಯವನು ನಮ್ಮವನೇ. ಐಹೊಳೆಯ ಮೇಗುಟಿ ಗುಡ್ಡದ ಮೇಲಿನ ಜಿನಾಲಯದ ಗೋಡೆಯಲ್ಲಿ ಶಕ 556ರ, ಅಂದರೆ ಕ್ರಿ.ಶ. 634ರ ಶಾಸನವೊಂದಿದೆ. ಭಾಷೆ ಸಂಸ್ಕೃತ, ಬರೆದ ಕವಿ ರವಿಕೀರ್ತಿ. ಇಮ್ಮಡಿ ಪುಲಿಕೇಶಿ ಯಾರನ್ನೆಲ್ಲ ಗೆದ್ದ, ಕನೌಜಿನ ಹರ್ಷನ ಹರ್ಷವನ್ನು ಹೇಗೆ ಇಳಿಸಿದ ಎಂಬುದನ್ನೆಲ್ಲ ಹೇಳಿ, ಕೊನೆಗೆ ಕವಿ ತನ್ನತ್ತ ತಿರುಗುತ್ತಾನೆ. ಈ ಕಲ್ಲಿನ ಜಿನಭವನವನ್ನು ಕಟ್ಟಿಸಿದವನು ತಾನು, ಕವಿತೆಯಲ್ಲಿ ಕಾಳಿದಾಸ, ಭಾರವಿಯರ ಕೀರ್ತಿಯನ್ನು ಪಡೆದವನು ತಾನು ಎನ್ನುತ್ತಾನೆ.

ಆತ್ಮಸ್ತುತಿ ಎನ್ನಿ, ಬೇಡ ಎನ್ನುವುದಿಲ್ಲ. ಆದರೆ ಅದರ ಜೋಡಣೆ ಗಮನಿಸಿ. ದೇವಾಲಯ ಕಟ್ಟಿಸಿದೆ ಎಂಬ ಮಾತು ಆ ದೇವಾಲಯದ ಗೋಡೆಯಲ್ಲೇ ಇದೆ. ದೊಡ್ಡ ಕವಿ ಎಂಬ ಮಾತು ಕವಿತೆಯ ಕೊನೆಯಲ್ಲಿದೆ. ಅಷ್ಟು ಹೊತ್ತಿಗೆ ಓದುಗ ಕವಿತೆಯನ್ನು ಓದಿ ಮುಗಿಸಿರುತ್ತಾನೆ. ಒಪ್ಪುವುದೋ ಬಿಡುವುದೋ ಅವನಿಗೆ ಬಿಟ್ಟಿದ್ದು, ಸಾಕ್ಷಿ ಕಣ್ಣೆದುರಿಗಿದೆ. ಇನ್ನೊಂದು ಸ್ವಾರಸ್ಯವೂ ಇದೆ. ಕಾಳಿದಾಸನ ಕಾಲ ಗೊತ್ತುಮಾಡುವ ವಿದ್ವಾಂಸರಿಗೆ ಈ ಸಾಲು ದೊಡ್ಡ ಆಧಾರ. 634ಕ್ಕೆ ಮೊದಲೇ ಕಾಳಿದಾಸ ಪ್ರಸಿದ್ಧನಾಗಿದ್ದ ಎಂದು ಖಚಿತವಾಗಿ ಹೇಳಲು ಒಬ್ಬ ಕವಿಯ ಜಂಬ ನೆರವಾಯಿತು.

ಮೂರನೆಯವರು ಶ್ರೀನಿವಾಸ ರಾಮಾನುಜನ್. ಅವರದು ಒಂದಲ್ಲ, ಎರಡು ಅರ್ಜಿ. ಎರಡರ ನಡುವೆ ಒಂದು ವರ್ಷವೂ ಇಲ್ಲ.

ಮೊದಲನೆಯದು 1912ರ ಫೆಬ್ರವರಿ 9ರಂದು ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಗೆ ಗುಮಾಸ್ತಗಿರಿ ಕೇಳಿ ಬರೆದದ್ದು. ಕುಂಭಕೋಣದಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡು, ಮದರಾಸಿನಲ್ಲೂ ಎಫ್.ಎ. ಪರೀಕ್ಷೆ ದಾಟಲಾಗದೆ, ಮದುವೆಯಾಗಿ, ಅವರಿವರ ಮನೆ ಬಾಗಿಲು ತಟ್ಟುತ್ತಿದ್ದ ಕಾಲ. ಅರ್ಜಿ ಕೆಲವೇ ಸಾಲುಗಳದು. ಮೆಟ್ರಿಕ್ಯುಲೇಷನ್ ಪಾಸಾಗಿದೆ, ಎಫ್.ಎ.ವರೆಗೆ ಓದಿದ್ದೇನೆ, ಪ್ರತಿಕೂಲ ಸಂದರ್ಭಗಳಿಂದ ಮುಂದುವರಿಸಲಾಗಲಿಲ್ಲ, ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ, ಕೆಲಸ ಕೊಟ್ಟರೆ ಸರಿಯಾಗಿ ಮಾಡುವ ಭರವಸೆಯಿದೆ. ಹಿಂದಿನ ವರ್ಷವಷ್ಟೇ, 1911ರಲ್ಲಿ, ಬರ್ನೌಲಿ ಸಂಖ್ಯೆಗಳ ಕುರಿತ ಅವರ ಪ್ರಬಂಧ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅರ್ಜಿಯಲ್ಲಿ ಅದರ ಸುದ್ದಿಯೇ ಇಲ್ಲ. ಜೊತೆಗಿದ್ದ ಗಣಿತದ ಪ್ರಾಧ್ಯಾಪಕರ ಶಿಫಾರಸು ಕೈಹಿಡಿಯಿತು. ಮಾರ್ಚ್ 1ರಿಂದ ಗುಮಾಸ್ತರಾದರು.

ಎರಡನೆಯದು 1913ರ ಜನವರಿ 16ರದು, ಕೇಂಬ್ರಿಜ್‌ನ ಜಿ.ಎಚ್. ಹಾರ್ಡಿಗೆ. ಇಲ್ಲೂ ಆರಂಭ ವಿನಯದ್ದೇ. ತಾನು ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತ, ವಯಸ್ಸು ಸುಮಾರು 23. ನಿಜಕ್ಕೆ ಅವರಿಗೆ 25 ತುಂಬಿತ್ತು. ವಿಶ್ವವಿದ್ಯಾಲಯದ ಓದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆಮೇಲೆ ಪತ್ರದ ಧಾಟಿಯೇ ಬದಲಾಗುತ್ತದೆ. ಹಾರ್ಡಿಯ ಪುಸ್ತಕವೊಂದನ್ನು ಓದಿದ್ದೇನೆ, ಅದರಲ್ಲಿ ಇನ್ನೂ ಸಿಕ್ಕಿಲ್ಲ ಎಂದು ನೀವು ಹೇಳಿರುವ ಸೂತ್ರ ನನಗೆ ಸಿಕ್ಕಿದೆ ಎನ್ನುತ್ತಾರೆ. ಜೊತೆಗೆ ಪುಟಗಟ್ಟಲೆ ಪ್ರಮೇಯಗಳು. ತಾನು ಬುದ್ಧಿವಂತ ಎಂದು ಒಂದು ಕಡೆಯೂ ಹೇಳಿಕೊಂಡಿಲ್ಲ. ಮಾಡಿದ್ದನ್ನು ಮುಂದಿಟ್ಟಿದ್ದಾರೆ, ಅಷ್ಟೆ.

ಹಾರ್ಡಿ ಮತ್ತು ಲಿಟಲ್‌ವುಡ್ ಆ ಹಾಳೆಗಳ ಮುಂದೆ ಕುಳಿತರು. ಕೆಲವು ಫಲಿತಾಂಶಗಳು ಮೊದಲೇ ಗೊತ್ತಿದ್ದವು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ರಾಮಾನುಜನ್ ಅಷ್ಟು ಭರವಸೆಯಿಂದ ಹೇಳಿದ್ದ ಮಾತು ಮುಂದೆ ತಪ್ಪೆಂದು ತಿಳಿಯಿತು. ಆದರೆ ಉಳಿದ ಕೆಲವು ಹಿಂದೆ ಯಾರೂ ಕಂಡಿರದಂಥವು. ಫೆಬ್ರವರಿ 8ರಂದು ಹಾರ್ಡಿ ಉತ್ತರ ಬರೆದರು, ಸಾಧನೆಗಳನ್ನು ಕೇಳಿದರು. ಗಣಿತದಲ್ಲಿ ‘ಸಾಧನೆ’ ಎಂದರೆ ರುಜುವಾತು ಎಂಬುದನ್ನು ನೆನಪಿಡಬೇಕು. ನಮ್ಮ ಭಾಷೆ ಎಷ್ಟು ಜಾಣ ನೋಡಿ, ಮಾಡಿ ತೋರಿಸಿದ್ದಕ್ಕೂ ಸಾಬೀತುಪಡಿಸಿದ್ದಕ್ಕೂ ಒಂದೇ ಪದ.

1914ರ ಮಾರ್ಚ್ 17ರಂದು ರಾಮಾನುಜನ್ ಹಡಗು ಹತ್ತಿದರು. 1916ರಲ್ಲಿ ಕೇಂಬ್ರಿಜ್ ಅವರಿಗೆ ಸಂಶೋಧನೆಯ ಆಧಾರದ ಮೇಲೆ ಪದವಿ ಕೊಟ್ಟಿತು. 1918ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಎಫ್.ಎ. ಮಾತ್ರ ಕೊನೆಯವರೆಗೂ ಪಾಸಾಗಲಿಲ್ಲ.

ಮೊದಲ ಅರ್ಜಿಯಲ್ಲಿ ಕಾಣುವುದು ಪರೀಕ್ಷೆಗಳು ಅಳೆದ ರಾಮಾನುಜನ್, ಎರಡನೆಯದರಲ್ಲಿ ಕಾಣುವುದು ಅವರ ಕೆಲಸ. ಮನುಷ್ಯ ಅವನೇ. ಹಾಗೆಂದು ಒಳ್ಳೆಯ ಪತ್ರ ಬರೆದರೆ ಬಾಗಿಲು ತೆರೆದೇ ತೆರೆಯುತ್ತದೆ ಎಂದೂ ಹೇಳುವಂತಿಲ್ಲ. ಹಾರ್ಡಿಗಿಂತ ಮೊದಲು ಕೇಂಬ್ರಿಜ್‌ನ ಬೇರೆ ಇಬ್ಬರು ಗಣಿತಜ್ಞರಿಗೆ ರಾಮಾನುಜನ್ ಬರೆದಿದ್ದರು, ಅಲ್ಲಿಂದ ನೆರವು ದೊರೆಯಲಿಲ್ಲ. ಓದುವ ಕಣ್ಣೂ ಬೇಕು. ಆದರೆ ಆ ಕಣ್ಣು ಎದುರಾದ ದಿನ ಹಾಳೆಯಲ್ಲಿ ನೋಡುವುದಕ್ಕೆ ಏನಾದರೂ ಇರಬೇಕಲ್ಲ.

ಎಲ್ಲರೂ ರಾಮಾನುಜನ್ ಆಗಬೇಕಿಲ್ಲ. ಊರಿನ ಗ್ರಂಥಾಲಯದ ಪುಸ್ತಕಗಳಿಗೆ ಪಟ್ಟಿ ಮಾಡಿದ್ದು, ಬೆಳಿಗ್ಗೆ ಹಾಲು ಹಾಕುತ್ತಲೇ ಪದವಿ ಓದಿದ್ದು, ಕಾಲೇಜಿನ ನಾಟಕಕ್ಕೆ ಮನೆ ಮನೆ ಸುತ್ತಿ ಹಣ ಕೂಡಿಸಿ ಲೆಕ್ಕ ಒಪ್ಪಿಸಿದ್ದು, ಇವೂ ಮಾಡಿದ ಕೆಲಸಗಳೇ. ಎಷ್ಟು ಪುಸ್ತಕ, ಎಷ್ಟು ಮನೆ, ಎಷ್ಟು ಹಣ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದು ಬಡಾಯಿಯಲ್ಲ, ದಾಖಲೆ. ತುಂಬಿದ ಕೊಡ ತುಳುಕಬೇಕಾಗಿಲ್ಲ ನಿಜ. ಬಾಯಾರಿದವರಿಗೆ ಅದರಲ್ಲಿ ನೀರಿದೆ ಎಂದು ತಿಳಿಯಬೇಕಾದರೆ ಯಾರಾದರೂ ಮುಚ್ಚಳ ತೆಗೆಯಲೇಬೇಕು.