ಸೋಲಿಗರ ಯೆಲ್ಲೆಗಳು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅಲ್ಲಿನ ಕಾಡನ್ನು ಕುಲಗಳಿಗೆ ಹಂಚಿಹೋದ ‘ಯೆಲ್ಲೆ’ಗಳಾಗಿ ಗುರುತಿಸುತ್ತ ಬಂದವರು. ಯೆಲ್ಲೆಯೆಂದರೆ ಒಂದು ಕುಲದ ಪೂರ್ವಿಕರ ಸೀಮೆ. ಅದರೊಳಗೆ ದೇವರು, ಮಾರಮ್ಮ, ವೀರು ಎಂಬ ಪೂಜಾಸ್ಥಾನಗಳೂ, ಅಬ್ಬಿ ಎನ್ನುವ ನೀರಿನ ನೆಲೆಯೂ, ತೀರಿಕೊಂಡವರ ಹೆಸರಿನಲ್ಲಿ ಕಲ್ಲಿಡುವ ಕಲ್ಲುಗುಡಿಯೂ ಇರುತ್ತವೆ. ಭಾರ್ಗವಿ ಹೊಳೆಯ ಬದಿಯ ಹಳೆಯ ದೊಡ್ಡಸಂಪಿಗೆ ಮರವೇ ಅವರಿಗೆ ದೇವರು. ರಂಗಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ವರಿಸಿದನೆಂಬ ಐತಿಹ್ಯದಿಂದಾಗಿ ಬೆಟ್ಟದ ಮೇಲಿನ ಸ್ವಾಮಿಯಂತೂ ಭಾವನೇ ಆಗಿಬಿಟ್ಟಿದ್ದಾನೆ.

1974ರಲ್ಲಿ ಈ ಪ್ರದೇಶ ವನ್ಯಜೀವಿಧಾಮವೆಂದು ಘೋಷಿತವಾದ ಮೇಲೆ, ಜಾಗ ಬದಲಿಸುತ್ತ ರಾಗಿ ಬೆಳೆಯುವ ಬೇಸಾಯಕ್ಕೂ ಬೇಟೆಗೂ ತಡೆ ಬಿದ್ದು, ಕಾಡಿನೊಳಗೆ ಚದುರಿದ್ದ ಕುಟುಂಬಗಳು ‘ಪೋಡು’ ಎಂಬ ಸ್ಥಿರ ವಸತಿಗಳಿಗೆ ಬಂದು ಸೇರಿದವು. ಯೆಲ್ಲೆಯ ಗುಡಿಗಳು ಮಾತ್ರ ಇದ್ದಲ್ಲಿಯೇ ಉಳಿದವು. ಹೀಗಾಗಿ ಪೂರ್ವಿಕರ ಕಲ್ಲಿಗೆ ಪೂಜೆ ಸಲ್ಲಿಸುವುದಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆಯನ್ನು ನೋಡಿಕೊಳ್ಳಬೇಕಾದ ವಿಪರೀತ ಸ್ಥಿತಿ ಒದಗಿತು.

ಇದೇ ನಿರ್ಬಂಧದಲ್ಲಿ ನಿಂತುಹೋದ ಇನ್ನೊಂದು ರೂಢಿ ‘ತರಗು ಬೆಂಕಿ’. ಬೇಸಿಗೆ ಬಲಿಯುವ ಮೊದಲೇ, ನೆಲದ ಒಣ ಎಲೆಯಷ್ಟೇ ಉರಿದು ಮರ ಸುಡದಂತೆ ಹಚ್ಚುವ ಈ ಸಣ್ಣ ಬೆಂಕಿಯಿಂದ ಹೊಸ ಹುಲ್ಲು ಚಿಗುರುತ್ತಿತ್ತು, ಲಂಟಾನದ ಎಳೆಯ ಗಿಡಗಳು ಸಾಯುತ್ತಿದ್ದವು, ನೆಲ್ಲಿ ಮರದ ರಸ ಹೀರುವ ‘ಉಪ್ಪಿಲು’ ಎಂಬ ಬದನಿಕೆ ಹತೋಟಿಯಲ್ಲಿರುತ್ತಿತ್ತು ಎಂಬುದು ಸೋಲಿಗ ಹಿರಿಯರ ವಾದ. ಬೆಂಕಿಯೆಲ್ಲವೂ ವಿನಾಶವೆಂದೇ ನಂಬಿದ ಅರಣ್ಯಾಡಳಿತಕ್ಕೆ ಈ ವಾದ ಬಹುಕಾಲ ಕೇಳಿಸಲಿಲ್ಲ. ಅಷ್ಟರಲ್ಲಿ ಲಂಟಾನ ಬೆಟ್ಟದ ಬಹುಭಾಗವನ್ನು ಆವರಿಸಿಕೊಂಡಿತು.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2002ರ ತಿದ್ದುಪಡಿಯ ಅನ್ವಯ ಹೆಜ್ಜೇನು, ನೆಲ್ಲಿಕಾಯಿ, ಪಾಚಿಗಳನ್ನು ಸಂಗ್ರಹಿಸಿ ಮಾರುವುದೂ ನಿಂತಾಗ ಪೋಡುಗಳ ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ನಂತರ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆಗೂಡಿ ನೂರಾರು ಪವಿತ್ರ ಸ್ಥಳಗಳನ್ನು ಹುಡುಕಿ ನಕಾಶೆಯಲ್ಲಿ ಗುರುತಿಸಿದರು. ಹಿರಿಯರ ನೆನಪಿನಲ್ಲಿ ಮಾತ್ರ ಇದ್ದ ಯೆಲ್ಲೆಗಳು ಕಚೇರಿಗೆ ಅರ್ಥವಾಗುವ ದಾಖಲೆಯಾದದ್ದು, ಮತ್ತು ಕಿರಿಯರು ಆ ಹೆಸರುಗಳನ್ನು ಸ್ಥಳದಲ್ಲಿಯೇ ಕೇಳಿ ಕಲಿತದ್ದು, ಈ ಕಾರ್ಯದ ಎರಡು ಮುಖಗಳು. ಎರಡನೆಯದೇ ಹೆಚ್ಚು ಬಾಳಿಕೆಯದೆನ್ನಬಹುದು.

2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತು, ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಪಡೆದವರಲ್ಲಿ ಸೋಲಿಗರು ಮೊದಲಿಗರಾದರು. ಜೇನು, ನೆಲ್ಲಿಯ ಸಂಗ್ರಹಕ್ಕೆ ಹೀಗೆ ಕಾನೂನಿನ ಬಲ ಬಂದಿತಾದರೂ, ಆ ನೆಲ್ಲಿಯನ್ನು ಕಾಯುತ್ತಿತ್ತೆಂದು ಹಿರಿಯರು ಹೇಳುವ ತರಗು ಬೆಂಕಿಯ ಮೇಲಿನ ನಿಷೇಧ ಅದರೊಂದಿಗೆ ತೆರವಾಗಲಿಲ್ಲ.