ಅಜಾನಿಗೆ ಓಗೊಡುವ ಹೊಣೆ: ಹುಲ್ವಾನಿಯ ಮತದ ಮರುಪರಿಶೀಲನೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮುಸ್ಲಿಮರಲ್ಲಿ ಹೆಚ್ಚಿನವರು ದಖನಿ ಉರ್ದು ಮನೆಮಾತಿನ ಹನಫಿಗಳು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಅಜಾನ್ ಕೇಳಿದಾಗ ಮಾತು ನಿಲ್ಲಿಸಿ ಮುಅಜ್ಜಿನ್ (ಕರೆ ಕೊಡುವವರು) ಹೇಳಿದ್ದನ್ನು ಮೆಲುದನಿಯಲ್ಲಿ ಹೇಳುವುದು, ನಮಾಜಿಗೆ ಕರೆಯುವ ಎರಡು ಸಾಲುಗಳಿಗೆ ‘ಲಾ ಹೌಲ’ (ದೇವರ ಹೊರತು ಶಕ್ತಿಯಿಲ್ಲ) ಎನ್ನುವುದು, ಕೊನೆಗೆ ದರೂದ್ (ಪ್ರವಾದಿಗೆ ಹಾರೈಕೆ) ಮತ್ತು ದುಆ (ಪ್ರಾರ್ಥನೆ) ಓದುವುದು ಎರಡು ಪಂಥಗಳಲ್ಲೂ ರೂಢಿ. ಬುಖಾರಿ, ಮುಸ್ಲಿಂ ಸಂಗ್ರಹಗಳ ಹದೀಸ್‌ಗಳೇ ಇದಕ್ಕೆ ಆಧಾರ.

ಭಿನ್ನಮತವಿರುವುದು ಹೊಣೆಯ ಸ್ವರೂಪದಲ್ಲಿ. 11ನೇ ಶತಮಾನದ ಹನಫಿ ವಿದ್ವಾಂಸ ಹುಲ್ವಾನಿಯ ಪ್ರಕಾರ ಕಡ್ಡಾಯವಾದದ್ದು ಕಾಲಿನ ಉತ್ತರ, ಅಂದರೆ ಮಸೀದಿಗೆ ನಡೆಯುವುದು; ನಾಲಿಗೆಯ ಉತ್ತರ ಅಪೇಕ್ಷಣೀಯ ಮಾತ್ರ. ಈ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿದಾಗ ತೊಡಕು ಹುಟ್ಟುತ್ತದೆ. 17ನೇ ಶತಮಾನದ ಹಸ್ಕಫಿಯ ‘ದುರ್ರುಲ್ ಮುಖ್ತಾರ್’ ಕಡ್ಡಾಯ ಸ್ನಾನ ಬಾಕಿಯಿರುವವನಿಗೂ ಓಗೊಡಲು ಹೇಳುತ್ತದೆ, ಮುಟ್ಟಾದವಳನ್ನೂ ಬಾಣಂತಿಯನ್ನೂ ಹೊರಗಿಡುತ್ತದೆ. ಕ್ರಿಯೆಯಿಂದ ಓಗೊಡಲಾಗದವರಿಗೆ ಮಾತಿನ ಉತ್ತರವೂ ಇಲ್ಲ ಎಂಬುದು ಹನಫಿಗಳು ಕೊಡುವ ಕಾರಣ. 13ನೇ ಶತಮಾನದ ಶಾಫಿ ವಿದ್ವಾಂಸ ನವವಿ ಮುಟ್ಟಾದವಳನ್ನೂ ಓಗೊಡುವವರಲ್ಲೇ ಸೇರಿಸುತ್ತಾರೆ.

ಈ ಕಾರಣ ನಿಲ್ಲುವುದು ಕಷ್ಟ. ಸ್ನಾನ ಬಾಕಿಯಿರುವವನೂ ಆ ಗಳಿಗೆಯಲ್ಲಿ ನಮಾಜಿಗೆ ನಿಲ್ಲಲಾರ. ಅವನ ಅಶುದ್ಧಿ ಸ್ನಾನದಿಂದ ಕಳೆಯುತ್ತದೆ, ಅವಳದು ಅವಳ ಕೈಯಲ್ಲಿಲ್ಲ ಎಂಬ ಸಮಾಧಾನವುಂಟು. ಆದರೆ ಅದು ನಮಾಜಿನ ಅರ್ಹತೆಯ ಮಾತಾಯಿತೇ ಹೊರತು ಸ್ಮರಣೆಯದಲ್ಲ. ಮುಟ್ಟಾದವಳು ನಮಾಜಿನ ಹೊತ್ತಿಗೆ ವುಜೂ (ಅಂಗಶುದ್ಧಿ) ಮಾಡಿ, ತನ್ನ ನಮಾಜಿನ ಜಾಗದಲ್ಲಿ ಕುಳಿತು ತಸ್ಬೀಹ್ (ದೇವಸ್ತುತಿ) ಹೇಳುವುದು ಒಳ್ಳೆಯದೆಂದು ಹನಫಿ ಗ್ರಂಥಗಳೇ ಹೇಳುತ್ತವೆ. ತಸ್ಬೀಹ್‌ಗೆ ಸಲ್ಲುವ ನಾಲಿಗೆ ಅಜಾನಿನ ಉತ್ತರಕ್ಕೆ ಏಕೆ ಸಲ್ಲದು? ಕರೆ ಕೇಳಿದಾಗ ಹೇಳಿ ಎಂಬ ಹದೀಸ್‌ನ ಆದೇಶದಲ್ಲೂ ಇಂಥ ವಿನಾಯಿತಿಯಿಲ್ಲ. ಆದ್ದರಿಂದ ನಾಲಿಗೆಯ ಉತ್ತರ ಕಾಲಿನ ಉತ್ತರದ ನೆರಳಲ್ಲ, ತಾನೇ ಒಂದು ಸ್ವತಂತ್ರ ಆರಾಧನೆ ಎಂದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ಹಸ್ಕಫಿಯ ಮಾತು ಓಗೊಡುವ ಹೊಣೆಯನ್ನಷ್ಟೇ ತೆಗೆದುಹಾಕುತ್ತದೆ, ನಿಷೇಧಿಸುತ್ತದೆ ಎನ್ನಲಾಗದು. ಮಸೀದಿಗೆ ಹೋಗಬಲ್ಲವನಿಗೆ ನಾಲಿಗೆಯ ಉತ್ತರವೇ ಸಾಕೆಂದೂ ನಾನು ಹೇಳುತ್ತಿಲ್ಲ. ಆದರೆ ನಮ್ಮ ಊರುಗಳಲ್ಲಿ ಅಜಾನಿಗೆ ಸೆರಗು ತಲೆಗೆಳೆದುಕೊಂಡು ಮನೆಯಲ್ಲೇ ಓಗೊಡುವ ಹೆಂಗಸರನ್ನು ಅರ್ಧ ಕೇಳುಗರಂತೆ ಎಣಿಸಲು ಹದೀಸ್‌ನಲ್ಲಿ ಆಧಾರವಿಲ್ಲ. ಹಲವು ಮಸೀದಿಗಳ ಅಜಾನ್ ಒಂದರ ಮೇಲೊಂದು ಕೇಳುವಾಗ ಮೊದಲನೆಯದಕ್ಕಷ್ಟೇ ಓಗೊಡಬೇಕೇ, ಎಲ್ಲಕ್ಕೂ ಓಗೊಡಬೇಕೇ ಎಂಬುದನ್ನು ಇದೇ ಬೆಳಕಿನಲ್ಲಿ ಮತ್ತೆ ಪರಿಶೀಲಿಸಬೇಕಿದೆ.